ಬುಧವಾರದ ಊಟ

ದುಬ್ರೋವಿಕ್, ಕಿಸ್ಲೇವ್ ತಿಂಗಳು, ಭಾನುವಾರ

ಅಕ್ಕನ ಮಗ ಅವಿಗ್ದೋರನಿಗೆ,

ಊರಿಗೆಲ್ಲ ನೀನು ರಬ್ಬಿ, ಧರ್ಮಗುರು. ನಿನಗೆ ಅಕ್ಷರ ತಿದ್ದಿಸಿದವನು ನಾನು. ಆ ಸಲುಗೆಯಲ್ಲಿ ಬರೆಯುತ್ತೇನೆ.

ಪಾಠಶಾಲೆ ಉಳಿಸಿ ಎಂದು ನೀನು ವಿಲ್ನಾದಿಂದ ಕಳಿಸಿದ ಪತ್ರವನ್ನು ಪ್ರಾರ್ಥನಾ ಮಂದಿರದಲ್ಲಿ ನಾನೇ ಓದಿದೆ. ನನ್ನ ಕಂಠಕ್ಕೆ ಎಲ್ಲರೂ ಅತ್ತರು. ಅತ್ತು, ಮನೆಗೆ ಹೋಗಿ ಉಂಡು ಮಲಗಿದರು. ಪಾಠಶಾಲೆಯ ವಾರಾನ್ನದ ಹುಡುಗರಿಗೆ ಶನಿವಾರ, ಸಬ್ಬತ್ತಿನ ದಿನ, ಬಡಿಸಲು ಜಗಳವಾಡುವ ಜನ ಬುಧವಾರ ಬಾಗಿಲೇ ತೆರೆಯುವುದಿಲ್ಲ. ಆರು ಹುಡುಗರು ಆ ದಿನ ನೀರು ಕುಡಿದು ಓದುತ್ತಾರೆ. ಇಬ್ಬರು ತಮ್ಮೂರಿಗೆ ಹೋಗಲು ಗಂಟು ಕಟ್ಟಿದ್ದರು.

ಅದಕ್ಕೇ ನಿನ್ನೆ ಮಂದಿರದಲ್ಲಿ ಮೇಜು ಗುದ್ದಿ, ಧರ್ಮಗ್ರಂಥ ತೋರಾ ಓದುವುದನ್ನೇ ನಿಲ್ಲಿಸಿದೆ. ದೂರು ಇದ್ದವನಿಗೆ ನಮ್ಮಲ್ಲಿ ಆ ಹಕ್ಕುಂಟಲ್ಲ, ದೂರು ತೀರುವವರೆಗೆ ಯಾರೂ ಓದುವಂತಿಲ್ಲ, ಊಟಕ್ಕೆ ಏಳುವಂತಿಲ್ಲ. ಇಂಥ ಧೈರ್ಯ ಮೂರು ಜಿಲ್ಲೆಯಲ್ಲಿ ಇನ್ಯಾರಿಗಿದೆ ಹೇಳು?

ಎಲ್ಲರ ಹೊಟ್ಟೆ ಚುರುಗುಟ್ಟಿದ ಮೇಲೆ ಐದು ಮನೆಯವರು ಗೊಣಗುತ್ತ ಒಪ್ಪಿದರು. ಆರನೆಯ ಹುಡುಗನಿಗೆ ಉಣ್ಣಲು ಮನೆ ಸಿಗಲಿಲ್ಲ. ಚರ್ಮದ ವ್ಯಾಪಾರಿ ಗಿಂಪ್ಲ್ ಎದ್ದ.

"ಅಲ್ಲಾ ಝಲ್ಮನ್ ಮಾವ, ಇಷ್ಟು ಕಿರುಚ್ತೀರಲ್ಲ, ನಿಮ್ಮನೇಲಿ ಯಾವ ದಿನ ಬಡಿಸ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಅಟ್ಟದಿಂದ ನಿನ್ನ ಅತ್ತೆ ಫ್ರಾದೆ ಕೂಗಿದಳು: "ಯಾವ ದಿನಾನೂ ಇಲ್ಲಪ್ಪ! ಇವರದು ಬರೀ ಊರಿಗೆ ಹಂಚೋ ಕೆಲ್ಸ!"

ಮಂದಿರವೆಲ್ಲ ನಕ್ಕಿತು. ನಾನು ಕುಳಿತೆ. ಓದು ಮುಂದುವರಿಯಿತು.

ಊರಿಗೆ ಹೊರಟಿದ್ದ ಇಬ್ಬರು ಹುಡುಗರೂ ಗಂಟು ಬಿಚ್ಚಿದ್ದಾರೆ. ನಮ್ಮ ಪಾಲಿಗೆ ಬಂದ ಆರನೆಯವನು ಸಣಕಲ, ಆದರೆ ತಿನ್ನುವುದು ಇಬ್ಬರಷ್ಟಂತೆ. ಬರುವಾಗ ಒಂದು ಮೂಟೆ ಆಲೂಗಡ್ಡೆ ತಾ. ಮುಂದಿನ ಪತ್ರದಲ್ಲಿ ಅಳಿಸುವ ಮಾತು ಬೇಡ. 'ನಿಮ್ಮ ಮನೆಯಲ್ಲಿ ಯಾವ ದಿನ?' ಎಂದಷ್ಟೇ ಬರೆ. ಈಗ ಅದನ್ನು ಗಟ್ಟಿಯಾಗಿ ಓದಬಲ್ಲೆ.

ಬುಧವಾರದ ಮನೆಯ ಯಜಮಾನ,
ನಿನ್ನ ಮಾವ ಝಲ್ಮನ್