ಕಂಡಷ್ಟೇ ಬರೆಯುವ ಕ್ಲಾಸು

ಮನೆ, ಮಹಡಿ ಕೋಣೆ
ಜೂನ್ ೧೧, ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಅಂತಿದ್ದೆ, ಸುಮ್ಮಸುಮ್ಮನೆ ಹತ್ತಿ ಇಳಿದು ಮಾಡಬೇಡ. ಮೊಮ್ಮಗು ನಿದ್ದೆ ಮಾಡಲು ಬಿಡುತ್ತಿದೆಯೋ ಇಲ್ಲವೋ? ನಾನು ಚೆನ್ನಾಗಿದ್ದೇನೆ. ಅಡುಗೆಯಲ್ಲಿ ಉಪ್ಪು ಒಂದು ದಿನ ಹೆಚ್ಚು, ಇನ್ನೊಂದು ದಿನ ಮರೆತೇ ಹೋಗುತ್ತದೆ, ಅಷ್ಟೆ. ಈ ಕಾಗದವನ್ನು ಆಗಲೇ ಒಮ್ಮೆ ಶುರು ಮಾಡಿ ಹರಿದದ್ದೂ ಆಯಿತು. ಕೂತರೆ ಏಳೋಣ ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಲಿ ಅಂತ ತಿಳಿಯುವುದಿಲ್ಲ.

ಎಲ್ಲಾ ಆ ಕ್ಲಾಸಿನ ಗಲಾಟೆ. ಗೂಡ್ಸ್ ಯಾರ್ಡಿನ ಹಿಂದೆ ತಗಡಿನ ಮನೆಗಳಿರುವ ಕಡೆ ಚಿತ್ರ ಕಲಿಸಲು ಹೋಗುತ್ತೇನೆ ಅಂದಾಗ ನೀನು ನಕ್ಕಿದ್ದೆ, ಹಗಲೆಲ್ಲ ಮೂಟೆ ಹೊತ್ತವರು ಸಂಜೆ ಪೆನ್ಸಿಲು ಹಿಡೀತಾರೇನೋ ಅಂತ. ಹಿಡಿದರು ಅಕ್ಕಾ. ಮೊದಲ ದಿನ ಎದುರಿಗೆ ಒಂದು ಬಕೆಟ್ ಇಟ್ಟು ಬರೆಯಿರಿ ಅಂದೆ. ಎಲ್ಲರೂ ಅದರ ಕಡೆ ಒಮ್ಮೆ ಕಣ್ಣು ಹಾಯಿಸಿ ತಲೆ ತಗ್ಗಿಸಿದವರು ಮತ್ತೆ ಎತ್ತಲೇ ಇಲ್ಲ. ಎಲ್ಲರ ಬಕೆಟ್ಟಿಗೂ ದೋಸೆಕಲ್ಲಿನಂಥ ದುಂಡು ಬಾಯಿ. ದುಂಡಗಿದೆ ಅಂತ ನಿಮಗೆ ಗೊತ್ತು, ಆದರೆ ನೀವು ಕೂತಲ್ಲಿಂದ ಹಾಗೆ ಕಾಣುತ್ತದಾ ಅಂತ ಕೇಳಿದೆ. ಒಂದು ಕಣ್ಣು ಮುಚ್ಚಿಸಿ, ಕೈ ನೀಡಿಸಿ, ಪೆನ್ಸಿಲಿನಲ್ಲೇ ಅಳೆಯಲು ಹೇಳಿದೆ. ಬಾಯಿ ಚಪ್ಪಟೆಯಾಗಿ ಕಂಡದ್ದೇ ತಡ, ಒಬ್ಬ ಹುಡುಗಿ ಎದ್ದು ನಿಂತಳು, ಬಗ್ಗಿದಳು, ನೆಲಕ್ಕೆ ಕೂತಳು, ಪ್ರತಿ ಸಲವೂ ಅದು ಬೇರೆಯಾಗಿ ಕಾಣುವುದನ್ನು ನೋಡಿ ನೋಡಿ ದಂಗಾದಳು. ತಾಯಿಯ ಜೊತೆ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎಲ್ಲದಕ್ಕೂ ಯಾಕೆ ಯಾಕೆ ಅನ್ನುವುದರಿಂದ ಅವಳನ್ನು ಯಾಕಮ್ಮ ಅಂತಲೇ ಕರೆಯುತ್ತಾರೆ. ಆಮೇಲೆ ಅವರು ಚಪ್ಪಲಿ ಬರೆದರು, ತೂಕದ ಕಲ್ಲು ಬರೆದರು, ಒಬ್ಬರನ್ನೊಬ್ಬರು ಕೂರಿಸಿಕೊಂಡು ಕಿವಿ ಬರೆದರು. ಕಿವಿ ಇಷ್ಟು ಸೊಟ್ಟಗಿರುತ್ತದೆ ಅಂತ ಗೊತ್ತೇ ಇರಲಿಲ್ಲ ಅಂತ ಬಿದ್ದು ಬಿದ್ದು ನಕ್ಕರು.

ನಮಗೆ ಹಾಲ್ ಕೊಟ್ಟದ್ದು ಒಂದು ಸೇವಾ ಸಂಸ್ಥೆ. ಅದರ ಕಾರ್ಯದರ್ಶಿ ಮೇಡಂ ಈಚೆಗೆ ನೋಡಲು ಬಂದರು. ಕೆಟ್ಟವರಲ್ಲ, ಕಾಗದ ಪೆನ್ಸಿಲು ಎಲ್ಲಾ ಅವರೇ ತರಿಸಿಕೊಟ್ಟದ್ದು. ಅವರ ವಾರ್ಷಿಕ ಸಭೆಗೆ ಗೋಡೆ ತುಂಬ ಈ ಚಿತ್ರಗಳು ಬೇಕಂತೆ. ಯಾಕಮ್ಮ ತಾಯಿಯ ಇಸ್ತ್ರಿಪೆಟ್ಟಿಗೆ ಬರೆದಿದ್ದಳು. ಹಿಡಿಗೆ ಸುತ್ತಿದ ಸುಟ್ಟ ಬಟ್ಟೆಯ ಮಡಿಕೆಗಳೂ ಬಿಟ್ಟುಹೋಗಿರಲಿಲ್ಲ. ಮೇಡಂ ಮೆಚ್ಚಿದರು. ಆದರೆ ಇದನ್ನು ನೋಡಿದವರಿಗೆ ನಿಮ್ಮ ಕಷ್ಟ ಹೇಗೆ ತಿಳಿಯಬೇಕು, ಪಕ್ಕದಲ್ಲಿ ಸೋರುವ ಸೂರು, ಅಳುವ ಒಂದು ಮಗು ಬರಿ ಅಂದರು. ಯಾಕಮ್ಮ ರಬ್ಬರನ್ನು ಮೆಲ್ಲಗೆ ಕೆಳಗಿಟ್ಟಳು.

"ನಮ್ಮನೇಲಿ ಯಾರೂ ಅಳ್ತಾ ಇಲ್ಲ ಮೇಡಂ. ಇಲ್ಲದೇ ಇರೋದನ್ನ ಹೇಗೆ ನೋಡಿ ಬರೀಲಿ?"

ನೀವಾದರೂ ಹೇಳಿ ಅಂತ ಮೇಡಂ ನನ್ನ ಕಡೆ ತಿರುಗಿದರು. ಹಾಲ್ ಅವರದು, ಕಾಗದ ಅವರದು. ಅವಳಿಗೆ ನಾನು ಕಲಿಸಿದ್ದೇ ಅದು, ಈಗ ನಾನೇ ಬೇರೆ ಹೇಳಲಾರೆ ಅಂದೆ.

ಮಾರನೆಯ ದಿನ ಹಾಲಿಗೆ ಬೀಗ. ಮೆಟ್ಟಿಲ ಮೇಲೆ ಕೂತೆವು, ಕಾವಲುಗಾರ ಎಬ್ಬಿಸಿದ. ಗೋದಾಮಿನ ಗೋಡೆ ಪಕ್ಕ ಕೂತರೆ ಹಿಮ್ಮುಖವಾಗಿ ಬಂದ ಲಾರಿ ನಮ್ಮನ್ನು ದಿಕ್ಕಾಪಾಲು ಮಾಡಿತು. ಬರುವವರು ಕಡಿಮೆಯಾಗುತ್ತಾ ಹೋದರು. ಮೂಟೆ ಹೊರುವ ಉದ್ದಣ್ಣ, ಅವನಷ್ಟು ಶ್ರದ್ಧೆಯಿಂದ ಕಿವಿ ಬರೆದವರೇ ಇಲ್ಲ, "ಜಾಗ ಸಿಕ್ಕಾಗ ಕರೀರಿ ಸಾರ್" ಅಂದು ಪೆನ್ಸಿಲನ್ನು ನನ್ನ ಕೈಗೆ ವಾಪಸು ಕೊಟ್ಟ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಕ್ಷಮೆ ಕೇಳೋಣ ಅಂತ ಮೇಡಂ ಮನೆ ಗೇಟಿನವರೆಗೂ ಹೋದೆ. ಏನಂತ ಕೇಳಲಿ? ಚಿಲಕ ಮುಟ್ಟಿ ವಾಪಸು ಬಂದೆ. ನಾನು ಮಾಡಿದ್ದು ಸರಿಯೋ, ಇಲ್ಲ ಕಲಿಯಲು ಬರುತ್ತಿದ್ದವರ ಹೊಟ್ಟೆ ಮೇಲಲ್ಲದಿದ್ದರೂ ಸಂಜೆಯ ಮೇಲೆ ಕಲ್ಲು ಹಾಕಿದೆನೋ, ನೀನು ಪಕ್ಕದಲ್ಲಿದ್ದಿದ್ದರೆ ಬೈದಾದರೂ ಹೇಳುತ್ತಿದ್ದೆ.

ಮಗಳಿಗೂ ಅಳಿಯಂದಿರಿಗೂ ಕೇಳಿದೆ ಅಂತ ಹೇಳು. ಪುಟ್ಟನ ಕೆನ್ನೆಗೆ ನನ್ನದೊಂದು ಮುತ್ತು. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ತಮ್ಮ

ಮರೆತದ್ದು: ಮರೆತದ್ದೇನಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಭಾವ ತೀರಿಕೊಂಡ ಮೇಲೆ ನೀನು ಬೀಗ ಹಾಕಿ ಹೋದೆಯಲ್ಲ, ಕೆಳಗಿನ ಸೈಕಲ್ ಅಂಗಡಿ, ಅದರ ಬಾಗಿಲನ್ನು ನಿನ್ನೆ ತೆಗೆದೆ. ಕೇಳಿದರೆ ಬೇಡ ಅಂತೀಯ ಅಂತ ಕೇಳಲಿಲ್ಲ. ಈಗ ಎಲ್ಲರೂ ಅಲ್ಲೇ ಕೂತು ಬರೆಯುತ್ತಿದ್ದಾರೆ, ಉದ್ದಣ್ಣನೂ ಬಂದಿದ್ದಾನೆ. ಪಾನಾ, ಪಂಪು, ನೇತುಹಾಕಿದ ಚಕ್ರ, ಯಾವುದನ್ನೂ ಜರುಗಿಸಿಲ್ಲ. ಬೇಡ ಅಂದರೆ ನಿನ್ನ ಕಾಗದ ಬಂದ ದಿನವೇ ಮುಚ್ಚುತ್ತೇನೆ. ಆದರೆ ಯಾಕಮ್ಮ ಭಾವನ ಸ್ಟೂಲು ಬರೆಯುತ್ತಾ ಬರೆಯುತ್ತಾ, ಇದು ಒಂದೇ ಪಕ್ಕ ಸವೆದಿದೆಯಲ್ಲ, ಅವರು ಎಡಕ್ಕೆ ವಾಲಿ ಕೂರುತ್ತಿದ್ದರಾ ಅಂತ ಕೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ನೋಡಿಲ್ಲ ಅಕ್ಕಾ. ನಿನಗೆ ಗೊತ್ತಿರುತ್ತದೆ. ಅದನ್ನು ಮಾತ್ರ ಬರಿ.