ಹಿಲ್‌ಕ್ರಾಫ್ಟ್‌ನಲ್ಲಿ ಎಸೆದ ಲೋಟ

ಅನಘಾ,

ನಿನ್ನ ಮಗಳು ದಿಯಾ ಸತ್ತ ವಾರವೇ ನೀನು ನನ್ನ ನಂಬರ್ ಬ್ಲಾಕ್ ಮಾಡಿದೆ. ಈ ಪತ್ರ ನಿನಗೆ ತಲುಪುವುದಿಲ್ಲ.

ಇವತ್ತು ಭಾರತೀಯ ಅಂಗಡಿಗಳ ಸಾಲಿರುವ ಹಿಲ್‌ಕ್ರಾಫ್ಟ್‌ನ ಹೋಟೆಲಿನಲ್ಲಿ ಕುಮುದಾ ಆಂಟಿ, "ಅನಘಾ ಬಸುರಿಯಾಗಿದ್ದಾಗ ಗ್ರಹಣದಲ್ಲಿ ಸುತ್ತಿದಳು. ಮಗುವಿಗೆ ಕ್ಯಾನ್ಸರ್ ಬರದೆ ಇನ್ನೇನಾಗುತ್ತೆ?" ಎಂದರು. ಸ್ಟೀಲ್ ಲೋಟ ಬೀಸಿ ಎಸೆದೆ. ಅವರ ಹುಬ್ಬು ಒಡೆದು ರಕ್ತ ಸೀರೆಯ ಮೇಲೆ ಸುರಿಯಿತು.

"ಗರ್ಭದಲ್ಲಿ ನರವಾಗಬೇಕಿದ್ದ ಜೀವಕೋಶಗಳು ಬಲಿಯದೆ ಉಳಿದು ಗಡ್ಡೆಯಾದವು! ಅದರಲ್ಲಿ ತಾಯಿಯ ತಪ್ಪೇನಿದೆ?" ಎಂದು ಕಿರುಚುತ್ತ ಅವರನ್ನು ಗೋಡೆಗೆ ಅಪ್ಪಳಿಸಿದೆ.

ಆಂಟಿ ಅಂದರು, "ನಾನು ಬೆನ್ನ ಹಿಂದೆ ಅಂದೆ ಕಣೇ. ಬಸುರಿನಲ್ಲಿ ಕೂದಲಿಗೆ ಬಣ್ಣ ಹಚ್ಚಿದ್ದೇ ಕಾರಣ ಅಂತ, ಸಾವಿನ ಮನೆಯಲ್ಲಿ ಅವಳ ಕೈಗೇ ಕರಪತ್ರ ಕೊಟ್ಟವಳು ಯಾರು? ನೀನೇ ಅಲ್ವಾ?"

ನನ್ನ ದುಪಟ್ಟಾ ಮಡಿಸಿ ಅವರ ಹುಬ್ಬಿಗೆ ಒತ್ತಿದೆ. ಪೊಲೀಸರು ಬಂದು ಬಿಡಿಸುವವರೆಗೂ ಕೈ ತೆಗೆಯಲಿಲ್ಲ.