ನೀಲಿ ನೀರಿನ ಸೀಸೆ

ಮನೆ, ಊಟದ ಮೇಜು
ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ಕೆಸರುರಾಣಿಗೆ,

ಹೇಗಿದ್ದೀಯ? ಆ ನಡುಗಡ್ಡೆಯ ಗಾಳಿಗೆ ನಿನ್ನ ಮೂಗು ಕಟ್ಟಿದೆ, ನನಗೆ ಗೊತ್ತು. ಫೋನಿನಲ್ಲಿ "ಚೆನ್ನಾಗಿದ್ದೀನಿ ಅತ್ತೆ" ಎಂದೆಯಲ್ಲ, ಅದನ್ನೂ ಮೂಗಿನಲ್ಲೇ ಎಂದೆ. ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದೇನೆ. ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟರೆ ನನಗೆ ತಿಳಿಯದೆ ಇರುವುದಿಲ್ಲ. ಪುಟ್ಟಿ ಗಟ್ಟಿಮುಟ್ಟಾಗಿದ್ದಾಳೆ. ಅಮ್ಮ ಎಲ್ಲಿ ಎಂದು ಯಾರಾದರೂ ಕೇಳಿದರೆ "ಸಮುದ್ರದ ತಳದಲ್ಲಿರೋ ಕೆಸರು ತರೋಕೆ ಹೋಗಿದ್ದಾಳೆ" ಎಂದು ಜಂಬದಿಂದ ಹೇಳುತ್ತಾಳೆ. ಗಂಡ ಚಪ್ಪಲಿಯಲ್ಲಿ ಒಂದು ಚೂರು ಕೆಸರು ತಂದರೆ ರಂಪ ಮಾಡುತ್ತಿದ್ದವಳು ನೀನು, ಈಗ ಕೆಸರಿಗಾಗಿಯೇ ದೋಣಿ ಹತ್ತಿದೆಯಲ್ಲ, ನೆನೆದಾಗಲೆಲ್ಲ ನಗು ಬರುತ್ತದೆ.

ಈಗ ಸುದ್ದಿ. ನಿಮ್ಮ ಸಂಶೋಧನಾ ಸಂಸ್ಥೆಯ ಗೇಟಿಗೆ ನಿನ್ನ ದೊಡ್ಡ ಚಿತ್ರ ಹಾಕಿದ್ದಾರೆ. ಕೆಳಗೆ "ವಿಜ್ಞಾನದಲ್ಲಿ ಮಹಿಳೆಗೆ ಸಮಾನ ಸ್ಥಾನ" ಎಂದು ಬರೆಸಿದ್ದಾರೆ. ಪುಟ್ಟಿಯನ್ನು ಶಾಲೆಗೆ ಬಿಟ್ಟು ಬರುವಾಗ ನೋಡಿದೆ. ಮೊದಲು ಎದೆಯುಬ್ಬಿತು, ಸುಳ್ಳೇಕೆ ಹೇಳಲಿ. ಹತ್ತಿರ ಹೋಗಿ ನೋಡಿದರೆ ನಿನ್ನ ಕೈಗೆ ನೀಲಿ ನೀರಿನ ಸೀಸೆ ಕೊಟ್ಟಿದ್ದಾರೆ! ಕೆಸರು ನೋಡುವವಳಿಗೆ ನೀಲಿ ನೀರೇಕೆ? ಕಾವಲುಗಾರನನ್ನು ಕೇಳಿದರೆ "ಚಂದ ಕಾಣ್ಲಿ ಅಂತ ಹಾಕಿರ್ತಾರೆ ಬಿಡಿ ಅಮ್ಮಾ" ಎಂದ. ಅಲ್ಲಿಗೇ ನನಗೆ ವಾಸನೆ ಬಡಿಯಿತು. ನಿನ್ನ ಕೆಲಸ ಏನೆಂದು ವಿಚಾರಿಸದವರು ನಿನ್ನ ಮುಖವನ್ನು ಮಾತ್ರ ಗೇಟಿಗೆ ಅಂಟಿಸುತ್ತಾರೆಂದರೆ ಅದರ ಹಿಂದೆ ಏನೋ ಇದೆ.

ಭಾನುವಾರ, ನಿನ್ನ ಗಂಡ ತರಕಾರಿಗೆ ಹೋಗಿದ್ದ ಹೊತ್ತಿನಲ್ಲಿ, ನಿಮ್ಮ ನಿರ್ದೇಶಕರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ನೀನಿದ್ದಾಗ ಒಮ್ಮೆಯೂ ಈ ಹೊಸ್ತಿಲು ತುಳಿಯದವರು! ಸೋಫಾದ ಅಂಚಿನಲ್ಲಿ ಕೂತು, "ಹೊಸ ಸಮಾನತೆ ಸಮಿತಿಗೆ ನಿಮ್ಮ ಸೊಸೇನೇ ಅಧ್ಯಕ್ಷೆ ಅಂತ ತೀರ್ಮಾನ ಮಾಡಿದ್ದೀವಿ" ಎಂದರು. ಸಭೆ, ಭಾಷಣ, ಬಹುಮಾನ ಹಂಚುವುದು, ಎಲ್ಲ ಇಲ್ಲೇ ಊರಿನಲ್ಲಂತೆ. ನಡುಗಡ್ಡೆಯ ತಾಪತ್ರಯವೇ ಇಲ್ಲವಂತೆ. ಹಾಗಾದರೆ ನಿಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾದ ಮೇಲೆ ಆ ಕುರ್ಚಿ ಯಾರಿಗೆ? ನಿನಗೇ ಎಂದು ಎಲ್ಲರೂ ಹೇಳುತ್ತಿದ್ದರಲ್ಲ? ಕೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ದನಿ ಇಳಿಸಿ "ಈ ವಯಸ್ಸಲ್ಲಿ ಮಗು ನೋಡ್ಕೊಳ್ಳೋದು ನಿಮಗೆಷ್ಟು ಕಷ್ಟ ಅಲ್ವಾ?" ಎಂದರು. ಕಷ್ಟವೇ ಎಂದೆ. ಮಂಡಿನೋವು ಎಂದೆ, ಮಗುವಿನ ಹಟ ಎಂದೆ, ಸೊಸೆಗೆ ಮನೆಯ ಧ್ಯಾಸವೇ ಇಲ್ಲ ಎಂದೂ ಸೇರಿಸಿದೆ. ಮಹಾರಾಯರ ಮುಖ ಅರಳಿತು. ಚಹಾ ಇನ್ನೊಂದು ಲೋಟ ಕೇಳಿ ಕುಡಿದರು.

ನಿನ್ನ ಗಂಡನಿಗೆ ಹೇಳಿದರೆ "ಅಮ್ಮಾ, ನಿಂಗೆ ಹಾಲಿನವನ ಮೇಲೂ ಅನುಮಾನ, ನಿರ್ದೇಶಕರ ಮೇಲೂ ಅನುಮಾನ" ಎಂದು ನಕ್ಕ. ಹಾಲಿಗೆ ನೀರು ಬೆರೆಸುವವನಿಗೆ ಅನುಮಾನ ಪಡದೆ ಹಾರ ಹಾಕಲೇ? ಇರಲಿ, ಅವನು ಹೇಳಿದಂತೆಯೇ ಬರೆಯುತ್ತೇನೆ: ಸಮಿತಿಯನ್ನು ಒಪ್ಪಿಕೋ, ಎಲ್ಲರಿಗೂ ಅನುಕೂಲ. ನನ್ನ ಮಂಡಿಯೂ ಹಾಗೇ ಹೇಳುತ್ತಿದೆ.

ಪುಟ್ಟಿ ಒಂದು ಮುತ್ತು ಕಳಿಸಿದ್ದಾಳೆ, ಜೊತೆಗೆ ನನ್ನ ಆಶೀರ್ವಾದವೂ ಇದೆ. ಹೊಟ್ಟೆ ತುಂಬ ಊಟ ಮಾಡು.

ನಿನ್ನ
ಅತ್ತೆ

ತಾ.ಕ.: ಮೇಲಿನದನ್ನೆಲ್ಲ ನಿನ್ನ ಗಂಡ ಓದಿ, ತಲೆಯಾಡಿಸಿ, ಪೊಟ್ಟಣ ಕಟ್ಟಲು ದಾರ ತರುತ್ತೇನೆಂದು ಅಂಗಡಿಗೆ ಹೋದ. ಬೇಗ ಬೇಗ ಬರೆಯುತ್ತೇನೆ. "ಒಪ್ಪಿಕೋ" ಎಂದದ್ದು ಅವನ ಕಣ್ಣಿಗಾಗಿ, ನಿನಗಲ್ಲ. ನಿರ್ದೇಶಕರ ಮುಂದೆ ನಿನ್ನನ್ನು ದೂರಿದ್ದು ಅವರ ಬಾಯಿ ಬಿಡಿಸಲು. ಅತ್ತೆ ಎಂದ ಮೇಲೆ ಸೊಸೆಯ ಕಾಲೆಳೆಯಲು ಕಾದಿರುತ್ತಾಳೆ ಎಂದು ನಂಬಿಯೇ ಬಂದಿದ್ದರು ಪುಣ್ಯಾತ್ಮರು, ಬಾಯಿ ಬಿಟ್ಟರು ನೋಡು: ಮುಖ್ಯಸ್ಥರ ಹುದ್ದೆಗೆ ಅರ್ಜಿ ಕರೆದಾಗಿದೆ, ಬರುವ ಶನಿವಾರವೇ ಕೊನೆ! "ಅವ್ರಿಗ್ಯಾಕೆ ತೊಂದ್ರೆ ಅಂತ ತಿಳಿಸಿಲ್ಲ. ನಿಮ್ಮ ಮಗನೂ ಒಪ್ಪಿದ್ದಾರೆ" ಎಂದರು. ಇವನಿಗೆ ಮೊದಲೇ ಗೊತ್ತು ಕಣೇ! ಅದಕ್ಕೇ ನಿನ್ನ ಫೋನು ಬಂದಾಗಲೆಲ್ಲ ನನ್ನ ಪಕ್ಕ ಬಿಟ್ಟು ಏಳುವುದಿಲ್ಲ. ಹೆತ್ತ ಮಗನನ್ನು ಅನುಮಾನಿಸುವುದು ನನಗೇನು ಖುಷಿಯೇ? ಅವನ ಜೊತೆ ಜಗಳ ಆಮೇಲೆ, ನೀನು ಬಂದ ಮೇಲೆ ಇಬ್ಬರೂ ಸೇರಿಯೇ ಮಾಡೋಣ. ಈಗ ಕೂತು ಅರ್ಜಿ ಬರಿ. ಕಂಪ್ಯೂಟರಿನಲ್ಲಿ ಕಳಿಸಿದರೆ ಅವರ ಕಚೇರಿಯಲ್ಲೇ ಕಳೆದುಹೋಗುತ್ತದೆ, ಬೇಡ. ಈ ಕಾಲುಚೀಲ ತಂದ ದೋಣಿಯವನ ಕೈಯಲ್ಲೇ ಕೊಡು, ಬಂದರಿಗೆ ನಾನೇ ಬಂದು ಇಸಿದುಕೊಳ್ಳುತ್ತೇನೆ. ನಾನೇ ಒಯ್ದು ಕೊಟ್ಟು ಮೊಹರು ಹಾಕಿಸಿಕೊಳ್ಳುತ್ತೇನೆ. ಆ ಕಚೇರಿ ಮೇಲಿನ ಮಹಡಿಯಲ್ಲಿದ್ದರೆ ಇರಲಿ. ನನ್ನ ಮಂಡಿಗೆ ಏನೂ ಆಗಿಲ್ಲ.